ತುಂಗಭದ್ರಾ ಹಿನ್ನೀರಲ್ಲಿ ಪ್ಲೇನರ್ ಬೋರ್ಡ್ ಬಿಡುವ ಮೊದಲು ಇದನ್ನು ಓದಿ

ಪ್ಲೇನರ್ ಬೋರ್ಡ್ ಎಂದರೆ ಗಾಳದ ದಾರಕ್ಕೆ ಸಿಕ್ಕಿಸುವ ತೇಲುವ ಹಲಗೆ, ಅದು ಗಾಳವನ್ನು ದೋಣಿಯಿಂದ ಪಕ್ಕಕ್ಕೆ ದೂರ ಒಯ್ಯುತ್ತದೆ. ಕೊಪ್ಪಳ ಕಡೆಯ ಹಿನ್ನೀರಲ್ಲಿ ಇದನ್ನು ಕಟ್ಟಿಕೊಂಡು ಟ್ರೋಲಿಂಗಿಗೆ, ಅಂದರೆ ದೋಣಿ ಓಡಿಸುತ್ತ ಗಾಳ ಎಳೆಯುವುದಕ್ಕೆ, ಇಳಿದ ದೋಣಿಯೊಂದರ ಪ್ರೊಪೆಲ್ಲರಿಗೆ ಗಾಳದ ದಾರ ಸುತ್ತಿಕೊಂಡಿತು. ಮೋಟಾರ್ ನಿಂತು, ದೋಣಿ ಗಾಳಿಗೆ ಅಡ್ಡವಾಗಿ, ಮೀನುಗಾರರೊಬ್ಬರ ಬಲೆಯ ಮೇಲೆ ಹೋಗಿ ಬಿತ್ತು. ಲೈಫ್ ಜಾಕೆಟ್ ಇದ್ದದ್ದರಿಂದ ಜೀವ ಉಳಿದವು. ಬಲೆ ಮಾತ್ರ ಹರಿಯಿತು. ಮತ್ತೊಬ್ಬರಿಗೆ ಹೀಗಾಗಬಾರದು, ಅದಕ್ಕೇ ಇಷ್ಟು ವಿವರ.

ಎಡವಟ್ಟು ಶುರುವಾದದ್ದು ಅಂಗಡಿಯಲ್ಲಿ. ಜೋಡಿ ಎಂದು ಕೊಟ್ಟ ಎರಡು ಬೋರ್ಡೂ ಬಲಗಡೆಯವೇ ಆಗಿದ್ದವು. ಬೋರ್ಡ್ ಕೊಳ್ಳುವಾಗ ಅಲ್ಲೇ ಕೈಯಲ್ಲಿ ಹಿಡಿದು ನೋಡಿ: ಚೂಪು ಮೂತಿ ದೋಣಿ ಹೋಗುವ ದಿಕ್ಕಿಗಿರಬೇಕು, ಸೀಸದ ತೂಕ ಕೆಳಗಿರಬೇಕು, ದಾರ ಸಿಕ್ಕಿಸುವ ಕ್ಲಿಪ್ ದೋಣಿಯ ಕಡೆ ಮುಖ ಮಾಡಿರಬೇಕು. ಬಲಗಡೆಯ ಬೋರ್ಡನ್ನು ಎಡಕ್ಕೆ ಹಿಡಿದರೆ ಈ ಮೂರೂ ಒಟ್ಟಿಗೆ ಕೂಡುವುದೇ ಇಲ್ಲ, ಒಂದಾದರೂ ತಿರುಗಾಮುರುಗಾ ಆಗುತ್ತದೆ. ನೀರಿಗಿಳಿದ ಮೇಲೂ ಮೊದಲು ಎರಡು ಮೀಟರ್ ದಾರದಲ್ಲಷ್ಟೇ ಬಿಟ್ಟು ನಿಧಾನ ಹೋಗಿ. ಸರಿಯಾದ ಬೋರ್ಡ್ ದೋಣಿಯಿಂದ ದೂರ ಸರಿಯುತ್ತದೆ, ತಪ್ಪಾದದ್ದು ದೋಣಿಯಡಿಗೆ ನುಗ್ಗುತ್ತದೆ.

ಎಡಗಡೆ ಬಿಡಲಾಗದೆ ಎರಡನ್ನೂ ಬಲಕ್ಕೇ ಬಿಟ್ಟರು. ಒಂದಕ್ಕೆ 20 ಮೀಟರ್ ದಾರ, ಇನ್ನೊಂದಕ್ಕೆ 40. ಹೀಗೆ ಒಂದೇ ಕಡೆ ಎರಡು ಬಿಡುವುದೇನೂ ತಪ್ಪಲ್ಲ, ದೂರದ್ದನ್ನು ಮೊದಲು ಬಿಡಬೇಕು ಅಷ್ಟೆ. ಆದರೆ ಹಿನ್ನೀರಿನ ತುಂಬ ನೈಲಾನ್ ಬಲೆಗಳು. ಸಂಜೆ ಇಳಿಸಿದ್ದನ್ನು ಬೆಳಿಗ್ಗೆ ಎತ್ತುತ್ತಾರೆ. ಗುರುತಿಗೆ ಅಲ್ಲೊಂದು ಇಲ್ಲೊಂದು ಥರ್ಮೋಕೋಲ್ ತುಂಡು, ಖಾಲಿ ನೀರಿನ ಬಾಟಲಿ. ದೋಣಿಯಲ್ಲಿ ಕೂತವರ ಕಣ್ಣು ಮುಂದಿನ ನೀರಿನ ಮೇಲಿರುತ್ತದೆ, ಗಾಳ ಮಾತ್ರ ಪಕ್ಕಕ್ಕೆ ಎಲ್ಲೋ ದೂರದಲ್ಲಿ ಹೋಗುತ್ತಿರುತ್ತದೆ. ಬೋರ್ಡಿನ ಹಿಂದೆ 20 ಮೀಟರಿನಲ್ಲಿ ಎರಡು ಮೂರು ಮೀಟರ್ ಆಳಕ್ಕೆ ಮುಳುಗುವ ಲ್ಯೂರ್ (ಕೊಕ್ಕೆಯಿರುವ ಕೃತಕ ಮೀನು) ಇದ್ದರೆ ಅದು ಬಲೆಯ ಎತ್ತರಕ್ಕೆ ಸರಿಯಾಗಿ ಬಂದು ಕೂರುತ್ತದೆ. ಬಲೆ ಎತ್ತಿದ ಮೇಲೆ, ಹರಗೋಲುಗಳು ದಡ ಸೇರಿದ ಮೇಲೆ ಹೋಗಿ. ಅವತ್ತು ಯಾವ ಕಡೆ ಬಲೆ ಇದೆ ಎಂದು ದಡದಲ್ಲಿ ಕೇಳಿ, ಹೇಳುತ್ತಾರೆ.

ಅವರ ಲ್ಯೂರ್ ಬಲೆಗೆ ಸಿಕ್ಕಾಗ ಬೋರ್ಡಿನ ಎರಡು ಕ್ಲಿಪ್ಪುಗಳಲ್ಲಿ ಮುಂದಿನದು ಬಿಟ್ಟುಕೊಂಡಿದ್ದರೆ ಬೋರ್ಡ್ ದಾರದುದ್ದಕ್ಕೂ ನೇರವಾಗಿ ಮಲಗುತ್ತಿತ್ತು, ಎಳೆತ ತಗ್ಗುತ್ತಿತ್ತು. ಬ್ರೇಡ್ ದಾರ (ಎಳೆ ಹೆಣೆದ ದಾರ) ಜಾರುತ್ತದೆಂದು ಕ್ಲಿಪ್ಪನ್ನು ಪೂರ್ತಿ ಬಿಗಿ ಮಾಡಿದ್ದರು. ಬ್ರೇಡ್ ಜಾರುವುದು ನಿಜ, ನಮ್ಮ ಕಡೆಯ ಬಿಸಿಲಿಗೆ ಕ್ಲಿಪ್ಪಿನ ರಬ್ಬರ್ ಗಟ್ಟಿಯಾದರಂತೂ ಇನ್ನೂ ಹೆಚ್ಚು. ಅದಕ್ಕೆ ಮದ್ದು ರಬ್ಬರ್ ಬದಲಿಸುವುದು, ಇಲ್ಲವೇ ದಾರವನ್ನು ಐದಾರು ಸಲ ಹೊಸೆದು ಆ ಹೊಸೆದ ಭಾಗವನ್ನೇ ಕ್ಲಿಪ್ಪಿಗೆ ಕಚ್ಚಿಸುವುದು. ಬೋರ್ಡನ್ನು ಕೈಯಲ್ಲಿ ಹಿಡಿದು ದಾರವನ್ನು ಜೋರಾಗಿ ಜಗ್ಗಿ ನೋಡಿ. ನಿಧಾನದ ಎಳೆತಕ್ಕೆ ನಿಲ್ಲಬೇಕು, ಜಗ್ಗಿದರೆ ಬಿಡಬೇಕು. ರೀಲಿನ ಡ್ರ್ಯಾಗ್ (ಎಳೆದಾಗ ದಾರ ಬಿಡುವ ಬಿಗಿ) ಕೂಡ ಬೋರ್ಡಿನ ಎಳೆತ ತಡೆಯುವಷ್ಟೇ ಇರಲಿ.

ಎಲ್ಲಕ್ಕಿಂತ ಕೆಟ್ಟದ್ದು ಇದಾದ ಮೇಲಿನದು. ದಾರ ಬಿಗಿಯಾದದ್ದೇ ಮೋಟಾರನ್ನು ರಿವರ್ಸಿಗೆ ಹಾಕಿದರು. ದೋಣಿ ಹಿಂದಕ್ಕೆ ಬಂದಂತೆ ಹತ್ತಿರದ ಬೋರ್ಡಿನ ದಾರ ಸಡಿಲಾಗಿ, ಪ್ರೊಪೆಲ್ಲರಿನಡಿ ಸೇರಿ ಸುತ್ತಿತು. ಬೋರ್ಡ್ ನೀರಲ್ಲಿರುವಾಗ ರಿವರ್ಸ್ ಬೇಡವೇ ಬೇಡ. ಗೇರ್ ನ್ಯೂಟ್ರಲಿಗೆ ತನ್ನಿ, ಸಿಕ್ಕ ರಾಡಿನ ಡ್ರ್ಯಾಗ್ ಸಡಿಲಿಸಿ, ಉಳಿದ ರಾಡುಗಳ ದಾರ ಪೂರ್ತಿ ಸುತ್ತಿಕೊಳ್ಳಿ. ಆಮೇಲೆ ಹುಟ್ಟು ಹಾಕುತ್ತ, ದೋಣಿಯ ಮೂತಿ ಗಾಳಿಗೆ ಕೊಟ್ಟು, ಸಿಕ್ಕ ದಾರ ಸುತ್ತಿಕೊಳ್ಳುತ್ತ ಬಲೆಯ ಹತ್ತಿರ ಹೋಗಿ. ಮೇಲಿನ ಹಗ್ಗ ಎತ್ತಿ ಕೊಕ್ಕೆ ಬಿಡಿಸಿ. ಬರದಿದ್ದರೆ ನಿಮ್ಮ ದಾರ ಕತ್ತರಿಸಿ, ಬಲೆಯನ್ನಲ್ಲ. ಚಾಕು ಕೈಗೆ ಸಿಗುವಂತಿರಲಿ.

ಗಾಳಿಯ ಮಾತು ಬೇರೆಯೇ ಇದೆ. ಜಲಾಶಯ ಅಣೆಕಟ್ಟಿನಿಂದ ನೈಋತ್ಯದತ್ತ ಉದ್ದಕ್ಕೆ ಚಾಚಿದೆ, ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ನೀರು. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ಗಾಳಿ ಆ ಉದ್ದವನ್ನೇ ಹಿಡಿದು ಬೀಸುತ್ತದೆ, ಮುನಿರಾಬಾದ್ ಕಡೆ ಬರುವಷ್ಟರಲ್ಲಿ ಅಲೆ ದೊಡ್ಡದಾಗಿರುತ್ತದೆ. ಅಲೆಯ ಜೊತೆ ಹೋಗುವಾಗ ದೋಣಿಯ ವೇಗ ಏರಿಳಿದು, ದಾರ ಸಡಿಲಾಗಿ ಬೋರ್ಡ್ ಮಗುಚುತ್ತದೆ. ಅಲೆಗೆದುರು ಹೋದರೆ ಬೋರ್ಡಿನ ಮೂತಿ ಮುಳುಗುತ್ತದೆ. ಶಾಂತ ನೀರಲ್ಲಿ ಗಂಟೆಗೆ ಎರಡೂವರೆಯಿಂದ ನಾಲ್ಕು ಕಿಲೋಮೀಟರ್ ಸಾಕು. ತಿರುಗುವಾಗ ಬೋರ್ಡಿನ ದೂರದ ಎರಡು ಮೂರು ಪಟ್ಟು ಅಗಲ ಬಿಟ್ಟು ತಿರುಗಿ, ಇಲ್ಲದಿದ್ದರೆ ಒಳಗಡೆಯ ಬೋರ್ಡ್ ನಿಂತು ದಾರಗಳು ಹೆಣೆದುಕೊಳ್ಳುತ್ತವೆ. ಬೇಸಿಗೆಗೆ ನೀರು ಇಳಿದಂತೆ ಮರದ ಬುಡ, ಹಳೆಯ ಗೋಡೆ ಮೇಲಕ್ಕೆ ಬರುತ್ತವೆ, ಹೋದ ವರ್ಷದ ದಾರಿ ನಂಬಬೇಡಿ.

ಕಾಟ್ಲಾ ಹಿಡಿಯಬೇಕೆಂದು ಈ ಸಾಹಸಕ್ಕಿಳಿಯುವವರೂ ಇದ್ದಾರೆ. ಅದು ನೀರಿನ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು, ಓಡುವ ಲ್ಯೂರ್ ಬೆನ್ನಟ್ಟುವುದಿಲ್ಲ. ಕೊರವ ಮೀನು ಲ್ಯೂರ್ ಹಿಡಿಯುತ್ತದೆ, ಆದರೆ ಅದಿರುವುದು ಜೊಂಡಿನ ಅಂಚಿನಲ್ಲಿ, ಅಲ್ಲಿ ಬೋರ್ಡ್ ಸಿಕ್ಕಿಬೀಳುತ್ತದೆ. ಬಯಲು ನೀರಲ್ಲಿ ಬೋರ್ಡಿಗೆ ತಕ್ಕ ಮೀನು ಬಾಳೆ ಮೀನು.

ಪರವಾನಗಿ ಇಲ್ಲದೆ ಇಳಿಯಬೇಡಿ, ಅಣೆಕಟ್ಟಿನ ಹತ್ತಿರ ಹೋಗಲೇಬೇಡಿ. ಬಲೆ ಹರಿದರೆ ಜಾಗ ಬಿಟ್ಟು ಓಡಬೇಡಿ. ಹತ್ತಿರದ ಹರಗೋಲಿನವರಿಗೆ ತಿಳಿಸಿ, ಬಲೆಯವರು ಯಾರೆಂದು ಕೇಳಿ, ಹೊಸ ಬಲೆಯ ಹಣವನ್ನು ಅವತ್ತೇ ಕೊಡಿ. ಆ ದಿನದ ಅವರ ದುಡಿಮೆಯೂ ನಿಂತಿರುತ್ತದೆ, ಅದನ್ನೂ ಸೇರಿಸಿ ಕೊಡಿ.