ಜಾಸ್ತಿ ಪವರ್ ಇರೋರು ಕನ್ನಡಕ ಮಾಡ್ಸೋ ಮುಂಚೆ ಒಂದ್ಸಲ ಈ ಅಂಗಡಿಗೆ ಹೋಗ್ಬನ್ನಿ

ನಂಗೆ ಬಲಗಣ್ಣು ಮೈನಸ್ ಏಳೂವರೆ, ಎಡಗಣ್ಣು ಏಳು. ಐದನೇ ಕ್ಲಾಸಿಂದ ಕನ್ನಡಕ ಹಾಕ್ತಿದೀನಿ, ಸೋಡಾಬುಡ್ಡಿ ಅಂತ ಕರೆಸ್ಕೊಂಡೇ ದೊಡ್ಡೋಳಾಗಿದ್ದು. ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದ ಬರೀತಿದೀನಿ, ನನ್ನ ತರ ಪವರ್ ಇರೋರಿಗೆ ಉಪಯೋಗ ಆಗ್ಲಿ ಅಂತ.

ಚಿಕ್ಕಮಗಳೂರಲ್ಲಿ ಐ.ಜಿ. ರೋಡ್ ಪಕ್ಕದ ಕ್ರಾಸಲ್ಲಿ ಸಣ್ಣ ಅಂಗಡಿ, ಮುಂದುಗಡೆ ಗಾಡಿ ನಿಲ್ಸೋಕೆ ಜಾಗ ಇಲ್ಲ, ನಾವು ಆಲ್ದೂರಿಂದ ಬಸ್ಸಲ್ಲಿ ಹೋಗಿದ್ದು ಒಳ್ಳೇದೇ ಆಯ್ತು. ನಾನು ಮನೇಲೇ ಎಲ್ಲ ಓದ್ಕೊಂಡು 1.74 ಇಂಡೆಕ್ಸ್ ಲೆನ್ಸೇ ಬೇಕು, ಅದು ತುಂಬಾ ತೆಳ್ಳಗಿರುತ್ತೆ ಅಂತ ತೀರ್ಮಾನ ಮಾಡ್ಕೊಂಡು ಹೋಗಿದ್ದೆ, ದುಡ್ಡೂ ತಗೊಂಡು ಹೋಗಿದ್ದೆ. ಅಂಗಡಿ ಯಜಮಾನ್ರು ನನ್ನ ಹಳೇ ಕನ್ನಡಕ ಈಸ್ಕೊಂಡು ಕಡ್ಡಿ ಒಳಗಡೆ ಬರ್ದಿರೋ ನಂಬರ್ ನೋಡಿದ್ರು, 54-18 ಅಂತಿತ್ತು, ಅಂದ್ರೆ ಒಂದೊಂದು ಲೆನ್ಸಿನ ಅಗಲ 54 ಮಿಲಿಮೀಟರ್, ಮಧ್ಯೆ ಮೂಗಿನ ಮೇಲಿನ ಜಾಗ 18. ಲೆನ್ಸಿನ ಅಂಚು ಅಳೆದ್ರು, ಕಿವಿ ಕಡೆ ಒಂಬತ್ತು ಮಿಲಿಮೀಟರ್ ಮೇಲೇ ಇತ್ತು. ಆಮೇಲೆ ಹೇಳಿದ್ರು, "ನಿಮಗೆ ಲೆನ್ಸು ಆಮೇಲೆ ಮೇಡಂ, ಮೊದ್ಲು ಫ್ರೇಮು ಬದಲಾಯಿಸ್ಬೇಕು."

ನಂಗೆ ಅರ್ಥ ಆಗ್ಲಿಲ್ಲ ಅಂತ ಗೊತ್ತಾಗಿ ಕೂರಿಸ್ಕೊಂಡು ವಿವರಿಸಿದ್ರು. ಇಂಡೆಕ್ಸ್ ಅಂದ್ರೆ ಬೆಳಕು ಆ ವಸ್ತು ಒಳಗೆ ಎಷ್ಟು ಪಟ್ಟು ನಿಧಾನ ಆಗುತ್ತೆ ಅನ್ನೋ ಲೆಕ್ಕ ಅಷ್ಟೇ. ಗಾಳೀಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗೋ ಬೆಳಕು ನೀರಲ್ಲಿ 2.25 ಲಕ್ಷಕ್ಕೆ ಇಳಿಯುತ್ತೆ, ಯಾಕಂದ್ರೆ ನೀರಿನ ಇಂಡೆಕ್ಸ್ 1.33. ಮಾಮೂಲಿ ಪ್ಲಾಸ್ಟಿಕ್ ಲೆನ್ಸಲ್ಲಿ 1.50, ಅಂದ್ರೆ 2 ಲಕ್ಷ. 1.67 ಲೆನ್ಸಲ್ಲಿ 1.8 ಲಕ್ಷ. ನೇರವಾಗಿ ಬಿದ್ರೆ ನಿಧಾನ ಆಗೋದಷ್ಟೇ, ಓರೆಯಾಗಿ ಬಿದ್ರೆ ದಾರಿ ಬಗ್ಗುತ್ತೆ. ಟಾರ್ ರೋಡಿಂದ ಜೀಪು ಓರೆಯಾಗಿ ಕೆಸರಿಗೆ ಇಳಿದಾಗ ಮೊದ್ಲು ಇಳಿದ ಚಕ್ರದ ಕಡೆಗೇ ಎಳೆಯಲ್ವಾ, ಹಂಗೆ ಅಂದ್ರು. ನಂಗೆ ತಕ್ಷಣ ಅಪ್ಪ ನೆನಪಾದ್ರು, ಮಳೆಗಾಲದಲ್ಲಿ ಹಳ್ಳದಲ್ಲಿ ಮೀನು ಕಡಿಯೋಕೆ ಹೋದಾಗ ಮೀನು ಕಂಡ ಜಾಗಕ್ಕೆ ಕತ್ತಿ ಹಾಕ್ಬೇಡ ಅದಕ್ಕಿಂತ ಕೆಳಗೆ ಹಾಕು ಅಂತ ಅಣ್ಣಂಗೆ ಹೇಳ್ಕೊಡ್ತಿದ್ರು. ನಾಕಡಿ ನೀರು ಮೇಲಿಂದ ನೋಡಿದ್ರೆ ಮೂರಡಿ ತರ ಕಾಣೋದು ಇದೇ ಕಾರಣಕ್ಕೆ. ಬೆಳಕು ಎಷ್ಟು ಬಗ್ಗುತ್ತೆ ಅನ್ನೋ ಈ ಲೆಕ್ಕಾನ ಹೈಸ್ಕೂಲಲ್ಲಿ ಸ್ನೆಲ್ ನಿಯಮ ಅಂತ ಬಾಯಿಪಾಠ ಮಾಡಿದ್ದೆ, ಮನೆಗೆ ಬಂದ್ಮೇಲೆ ಹುಡುಕಿ ಓದಿದ್ರೆ ಸ್ನೆಲ್ ಅದನ್ನ ಕಂಡ್ಕೊಂಡಿದ್ದು 1621ರಲ್ಲಂತೆ, ಅವ್ರಿಗಿಂತ ಆರುನೂರು ವರ್ಷ ಮೊದ್ಲೇ, 984ರ ಸುಮಾರಿಗೆ, ಬಾಗ್ದಾದಲ್ಲಿ ಇಬ್ನ್ ಸಹ್ಲ್ ಅನ್ನೋರು ಇದೇ ಲೆಕ್ಕ ಹಾಕಿ ಲೆನ್ಸಿನ ಆಕಾರ ಹೆಂಗಿರ್ಬೇಕು ಅಂತ ಬರ್ದಿಟ್ಟಿದ್ರಂತೆ. ಕನ್ನಡಕದ ಅಂಗಡಿಗೆ ಹೋಗಿ ಬಂದು ಇಷ್ಟೆಲ್ಲ ಓದಿದ್ದು ನಂಗೆ ನಿಜ್ವಾಗ್ಲೂ ಖುಷಿ ಕೊಡ್ತು.

ಈಗ ಮುಖ್ಯ ವಿಷಯ. ಇಂಡೆಕ್ಸ್ ಜಾಸ್ತಿ ಇದ್ರೆ ಕಮ್ಮಿ ಉಬ್ಬುತಗ್ಗಲ್ಲೇ ಬೇಕಾದಷ್ಟು ಬಗ್ಗುತ್ತೆ, ಅದಕ್ಕೇ ಲೆನ್ಸು ತೆಳ್ಳಗಾಗೋದು, ಅದು ಸರಿ. ಆದ್ರೆ ಮೈನಸ್ ಲೆನ್ಸು ಮಧ್ಯದಲ್ಲಿ ತೆಳ್ಳಗಿದ್ದು ಅಂಚಿಗೆ ಹೋಗ್ತಾ ಹೋಗ್ತಾ ದಪ್ಪ ಆಗುತ್ತೆ, ಆ ದಪ್ಪ ಏರೋದು ಮಧ್ಯದಿಂದ ಇರೋ ದೂರದ ವರ್ಗದ ಲೆಕ್ಕದಲ್ಲಿ, ಅಂದ್ರೆ ಎರಡು ಪಟ್ಟು ದೂರಕ್ಕೆ ಸುಮಾರು ನಾಕು ಪಟ್ಟು ಏರಿಕೆ. ದೊಡ್ಡ ಫ್ರೇಮಲ್ಲಿ ಲೆನ್ಸೂ ಅಗಲ, ಜೊತೆಗೆ ನನ್ನ ಕಣ್ಣು ಅದ್ರ ಮಧ್ಯಕ್ಕೆ ಬರ್ದೇ ಮೂಗಿನ ಕಡೆ ಸರಿದಿರುತ್ತೆ, ಹಂಗಾಗಿ ಕಿವಿ ಕಡೆ ಅಂಚು ಇನ್ನೂ ದೂರ ಆಗುತ್ತೆ. ಯಜಮಾನ್ರು ಒಂದು ಚೀಟಿ ಮೇಲೆ ಬರ್ದು ತೋರಿಸಿದ್ರು: ನನ್ನ 54ರ ಫ್ರೇಮಿಗೆ 1.74 ಹಾಕಿದ್ರೆ ಅಂಚು ಸುಮಾರು ಆರೂವರೆ ಮಿಲಿಮೀಟರ್ ಬರುತ್ತೆ, 46ರ ದುಂಡನೆ ಫ್ರೇಮಿಗೆ ಮಾಮೂಲಿ 1.50 ಹಾಕಿದ್ರೂ ಹತ್ತಿರತ್ತಿರ ಅಷ್ಟೇ, ಅದೇ ಸಣ್ಣ ಫ್ರೇಮಿಗೆ 1.67 ಹಾಕಿದ್ರೆ ಐದರ ಒಳಗೆ. ನಾನು ಅದನ್ನೇ ಮಾಡ್ಸಿದೆ. ಇಷ್ಟು ವರ್ಷ ಕನ್ನಡಕ ಹಾಕಿದೀನಿ, ಒಬ್ರೂ ಇದನ್ನ ಹೇಳಿರ್ಲಿಲ್ಲ. ದುಬಾರಿ ಲೆನ್ಸು ಕೇಳ್ಕೊಂಡು ಬಂದ ಗಿರಾಕಿಗೆ ಅದು ಬೇಡ ಅಂತ ಹೇಳೋಕೆ ಎಷ್ಟು ಪ್ರಾಮಾಣಿಕತೆ ಬೇಕು ಹೇಳಿ.

ಇನ್ನೊಂದು, ಪಿಡಿ. ಎರಡು ಪಾಪೆಗಳ ಮಧ್ಯದ ಅಂತರ. ಇವ್ರು ಒಂದೊಂದು ಕಣ್ಣಿಗೂ ಬೇರೆ ಬೇರೆ ಅಳೆದ್ರು, ಫ್ರೇಮು ಹಾಕ್ಸಿ ಲೆನ್ಸ್ ಮೇಲೆ ಪೆನ್ನಲ್ಲಿ ಚುಕ್ಕೆ ಇಟ್ಟು ಮತ್ತೆ ನೋಡಿದ್ರು, ನಂದು 62. ಈ ಹಿಂದೆ ಬೇರೆ ಊರಲ್ಲಿ ಒಂದು ಕಡೆ ಮಾಡ್ಸಿದ್ದ ಕನ್ನಡಕದಲ್ಲಿ 66ಕ್ಕೆ ಕೂರಿಸಿದ್ರು, ಮೂರು ತಿಂಗಳು ಸಾಯಂಕಾಲ ಆದ್ರೆ ಹಣೆ ಸಿಡೀತಿತ್ತು, ನಾನು ಪವರ್ ಏರಿದೆ ಅಂದ್ಕೊಂಡು ಹೆದರಿದ್ದೆ, ಅಮ್ಮ ಮೊಬೈಲ್ ನೋಡಿದ್ದಕ್ಕೇ ಅಂತ ಬೈತಿದ್ರು. ನಾಕು ಮಿಲಿಮೀಟರ್ ಅಂದ್ರೆ ಒಂದೊಂದು ಕಣ್ಣಿಗೆ ಎರಡು, ಏನ್ ಮಹಾ ಅನ್ಸುತ್ತೆ. ಆದ್ರೆ ಏಳೂವರೆ ಪವರ್ ಲೆನ್ಸಲ್ಲಿ ಮಧ್ಯದಿಂದ ಎರಡು ಮಿಲಿಮೀಟರ್ ಪಕ್ಕ ನೋಡಿದ್ರೆ ಬೆಳಕು ಒಂದು ಮೀಟರ್ ದೂರಕ್ಕೆ ಒಂದೂವರೆ ಸೆಂಟಿಮೀಟರ್ ಪಕ್ಕಕ್ಕೆ ಬಗ್ಗಿರುತ್ತೆ, ಎರಡು ಕಣ್ಣಿಗೂ ಸೇರಿದ್ರೆ ಹತ್ತಿರತ್ತಿರ ಮೂರು. ದಿನವಿಡೀ ಕಣ್ಣು ಅದನ್ನ ಎಳೆದು ಸರಿ ಮಾಡ್ಕೋಬೇಕು. ಪಿಡಿ ಅಳೀದೇ ಆರ್ಡರ್ ತಗೊಂಡ್ರೆ ದಯವಿಟ್ಟು ಕೇಳಿ ಅಳೆಸ್ಕೊಳ್ಳಿ.

ಲೆನ್ಸಿಗೆ ಆರು ದಿನ ಆಯ್ತು, ಬೆಂಗಳೂರಿಂದ ಬರ್ಬೇಕಿತ್ತು. ಎಲ್ಲ ಸೇರಿ ಎಂಟು ಸಾವಿರದ ಆಸುಪಾಸು. ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಬೇಡ ಅಂದ್ರೆ ಬಿಡ್ಲಿಲ್ಲ, ಕಾರಣ ಸರಿಯಾಗೇ ಇತ್ತು, ಇಂಡೆಕ್ಸ್ ಏರಿದಷ್ಟೂ ಮೇಲ್ಮೈಲಿ ವಾಪಸ್ ಹೋಗೋ ಬೆಳಕು ಜಾಸ್ತಿ, 1.50ಲ್ಲಿ ಎರಡೂ ಬದಿ ಸೇರಿ ಸುಮಾರು 8% ಆದ್ರೆ 1.67ಲ್ಲಿ 12%. ರಾತ್ರಿ ಮಂಜಲ್ಲಿ ಆಲ್ದೂರು ರೋಡಲ್ಲಿ ಸ್ಕೂಟಿ ಓಡ್ಸೋರಿಗೆ ಎದುರು ಬರೋ ಲೈಟು ಎರಡೆರಡಾಗಿ ಕಾಣೋ ಕಷ್ಟ ಗೊತ್ತಿರುತ್ತೆ, ಈಗ ಅದಿಲ್ಲ.

ಬೇಜಾರಾಗಿದ್ದೂ ಹೇಳ್ತೀನಿ. ಕಣ್ಣು ಓರೆ ಮಾಡಿ ಅಂಚಿಂದ ಟ್ಯೂಬ್‌ಲೈಟ್ ನೋಡಿದ್ರೆ ಒಂದು ಕಡೆ ನೀಲಿ ಇನ್ನೊಂದು ಕಡೆ ಹಳದಿ ಗೆರೆ ಕಾಣುತ್ತೆ. ಬೆಳಕಿನ ಒಂದೊಂದು ಬಣ್ಣ ಒಂದೊಂದು ತರ ಬಗ್ಗೋದ್ರಿಂದ ಹಂಗಾಗೋದು, ಮಾಮೂಲಿ ಪ್ಲಾಸ್ಟಿಕ್ಕಿಗೆ ಅಬ್ಬೆ ನಂಬರ್ 58 ಇದ್ರೆ 1.67ಕ್ಕೆ 32ರ ಸುಮಾರು, ನಂಬರ್ ಕಮ್ಮಿ ಆದಷ್ಟೂ ಬಣ್ಣ ಜಾಸ್ತಿ ಒಡೆಯುತ್ತೆ. ಲೆನ್ಸಿನ ದೋಷ ಅಲ್ಲ, ಆದ್ರೆ ಇದೊಂದನ್ನ ಮೊದ್ಲೇ ಹೇಳ್ಬೇಕಿತ್ತು, ನಾನು ವಾಪಸ್ ಹೋಗಿ ಕೇಳಿದ್ಮೇಲೇ ಹೇಳಿದ್ದು. ಎರಡು ವಾರಕ್ಕೆ ಅಭ್ಯಾಸ ಆಯ್ತು. ಕಣ್ಣು ಚಿಕ್ಕದಾಗಿ ಕಾಣೋದು ಮಾತ್ರ ಅಷ್ಟೇನೂ ಕಮ್ಮಿ ಆಗಿಲ್ಲ, ಅದು ಪವರಿಗೆ ಸಂಬಂಧಪಟ್ಟಿದ್ದು, ಲೆನ್ಸು ತೆಳ್ಳಗಾದ್ರೆ ಹೋಗಲ್ಲ, ಅದಕ್ಕೋಸ್ಕರ ದುಡ್ಡು ಹಾಕ್ಬೇಡಿ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಮೂಗಿನ ಮೇಲಿನ ಗುರುತು ಹೋಗಿದೆ. ಅಣ್ಣನ ಮಗಳಿಗೂ ಮೈನಸ್ ಮೂರು ಬಂದಿದೆ, ಬರೋ ಶನಿವಾರ ಕರ್ಕೊಂಡು ಹೋಗ್ತಿದೀವಿ. ಅವಳಿಗೆ ಆಗ್ಲೇ ಫೋನಲ್ಲಿ ಹೇಳಿದೀನಿ, ಫ್ರೇಮು ನಿಂಗೆ ಇಷ್ಟ ಆಗಿದ್ದನ್ನೇ ತಗೋ, ಆದ್ರೆ ಕಡ್ಡಿ ಒಳಗಿನ ನಂಬರ್ ನೋಡಿ ತಗೋ ಅಂತ.