ಓಲಾಡುವ ಮೋಟರ್‌ಹೋಮ್‌ಗೆ ಯಾವ ಕಿಟ್? ಆಂಟಿ-ರೋಲ್ ಬಾರ್, ಏರ್ ಬೆಲ್ಲೋಸ್, ಟ್ರ್ಯಾಕ್ ಬಾರ್ ವಿಮರ್ಶೆ

ಮೋಟರ್‌ಹೋಮ್ (ಒಳಗೇ ವಾಸ ಮಾಡುವ ಗಾಡಿ) ಓಲಾಡುತ್ತದೆ ಎಂದು ದೂರುವವರೆಲ್ಲರ ತೊಂದರೆಯೂ ಒಂದೇ ಆಗಿರುವುದಿಲ್ಲ. ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ವಾಲುವುದು ಬೇರೆ, ನೇರ ರಸ್ತೆಯಲ್ಲೂ ಸ್ಟೇರಿಂಗ್ ತಿದ್ದುತ್ತಲೇ ಇರಬೇಕಾಗುವುದು ಬೇರೆ. ದೊಡ್ಡ ಲಾರಿ ಹಿಂದಿಕ್ಕುವಾಗ ಅದರ ಮುಂದಿನ ಗಾಳಿಯ ಒತ್ತಡ ನಮ್ಮ ಗಾಡಿಯ ಹಿಂಭಾಗವನ್ನು ಆಚೆ ತಳ್ಳುತ್ತದೆ, ಮುಂಭಾಗ ಲಾರಿಯ ಕಡೆಗೇ ತಿರುಗುತ್ತದೆ. ಅದು ಇನ್ನೊಂದು ಬಗೆ. ಸೇತುವೆಯ ಜಾಯಿಂಟ್ ದಾಟಿದ ಮೇಲೂ ಮೂತಿ ಎರಡು ಮೂರು ಸಲ ಕುಣಿಯುವುದು ಮತ್ತೊಂದು. ಕಿಟ್ ಮಾರುವವರು ಎಲ್ಲಕ್ಕೂ ತಮ್ಮದೇ ಪರಿಹಾರ ಎನ್ನುತ್ತಾರೆ. ನಿಜಕ್ಕೂ ಒಂದೊಂದು ಭಾಗ ತಡೆಯುವುದು ಒಂದೊಂದು ಚಲನೆಯನ್ನು ಮಾತ್ರ.

ಹಣ ಖರ್ಚು ಮಾಡುವ ಮೊದಲು ನೀರು, ಗ್ಯಾಸ್, ಸಾಮಾನು, ಜನ ಎಲ್ಲ ತುಂಬಿಕೊಂಡು ವೇಬ್ರಿಜ್‌ಗೆ ಹೋಗಿ. ಒಟ್ಟು ತೂಕ ಒಂದೇ ಸಾಲದು. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಸಾಧ್ಯವಾದರೆ ಪ್ರತಿ ಚಕ್ರದ ತೂಕವನ್ನೂ ಬರೆದುಕೊಳ್ಳಿ. ಆಕ್ಸಲ್‌ಗಳ ನಡುವೆ 4 ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಹಿಂದಕ್ಕೆ 100 ಲೀಟರ್ ನೀರಿದೆ ಎನ್ನಿ. ಹಿಂದಿನ ಆಕ್ಸಲ್ ಮೇಲೆ ಆಗ 150 ಕೆಜಿ ಹೆಚ್ಚುತ್ತದೆ, ಮುಂದಿನ ಆಕ್ಸಲ್ ಮೇಲೆ 50 ಕೆಜಿ ಕಡಿಮೆಯಾಗುತ್ತದೆ. ಮುಂದಿನ ಚಕ್ರ ಹಗುರಾದಷ್ಟೂ ಸ್ಟೇರಿಂಗ್ ಅಳ್ಳಕವಾಗುತ್ತದೆ. ಹಿಂದಿನ ಬೈಸಿಕಲ್ ರ್‍ಯಾಕ್, ಕೊನೆಯ ಡಿಕ್ಕಿಯಲ್ಲಿ ತುಂಬಿದ ಭಾರದ ಸಾಮಾನು ಮಾಡುವುದೂ ಇದನ್ನೇ.

ಟೈರ್ ಪಕ್ಕದಲ್ಲಿ ಬರೆದಿರುವ ಒತ್ತಡ ಗರಿಷ್ಠ ಭಾರಕ್ಕೆ ಹೇಳಿದ್ದು. ಅಷ್ಟು ಭಾರವಿಲ್ಲದ ಗಾಡಿಗೆ ಅಷ್ಟೇ ಗಾಳಿ ತುಂಬಿದರೆ ಟೈರ್ ರಸ್ತೆಗೆ ತಾಗುವ ಜಾಗ ಕುಗ್ಗಿ ಗಾಡಿ ಅಲೆದಾಡುತ್ತದೆ. ಟೈರ್ ಕಂಪನಿಯ ಲೋಡ್ ಟೇಬಲ್ ನೋಡಿ, ಒಂದು ಆಕ್ಸಲ್‌ನ ಎರಡು ಪಕ್ಕಗಳಲ್ಲಿ ಯಾವುದು ಹೆಚ್ಚು ಭಾರವೋ ಅದಕ್ಕೆ ಹೇಳಿದ ಒತ್ತಡವನ್ನು ಎರಡೂ ಕಡೆ ಇಡಬೇಕು. ಜೋಡಿ ಚಕ್ರಗಳಿಗೆ ಟೇಬಲ್‌ನಲ್ಲಿ ಬೇರೆ ಸಾಲು ಇರುತ್ತದೆ. ಅಳತೆ ಯಾವಾಗಲೂ ಟೈರ್ ತಣ್ಣಗಿರುವಾಗ. ಅಲೆದಾಟದ ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ, ಒಂದು ಬೋಲ್ಟ್ ಕೂಡ ಬಿಚ್ಚದೆ.

ಗಾಡಿ ವಾಲುವುದೇ ತೊಂದರೆಯಾದರೆ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಡುವುದು ಆಂಟಿ-ರೋಲ್ ಬಾರ್, ಅಂದರೆ ಎಡ ಬಲ ಪಕ್ಕಗಳನ್ನು ಜೋಡಿಸಿ, ತಿರುಚಿಕೊಳ್ಳುತ್ತ ವಾಲಿಕೆ ತಡೆಯುವ ಉಕ್ಕಿನ ಸರಳು. ಹಿಂದಿನ ಆಕ್ಸಲ್‌ಗೆ ಬಾರ್ ಇಲ್ಲದ ಅಥವಾ ತೆಳ್ಳನೆಯದು ಇರುವ ಗಾಡಿಗಳಲ್ಲಿ ವ್ಯತ್ಯಾಸ ಮೊದಲ ತಿರುವಿನಲ್ಲೇ ಕೈಗೆ ತಿಳಿಯುತ್ತದೆ. ಟೊಳ್ಳಲ್ಲದ ಸರಳಿನ ತಿರುಚು ಬಿಗಿ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ: 32 ಮಿ.ಮೀ. ಬಾರ್ ಬದಲು 38 ಮಿ.ಮೀ. ಹಾಕಿದರೆ ಬಿಗಿ ಸುಮಾರು ಎರಡು ಪಟ್ಟು. ರೋಡ್‌ಮಾಸ್ಟರ್, ಹೆಲ್‌ವಿಗ್ ಮುಂತಾದವರ ಬಾರ್ ಕೊಳ್ಳುವಾಗ ಬಣ್ಣ ಬಿಟ್ಟು ವ್ಯಾಸ ನೋಡಿ. ಫೋರ್ಡ್ ಎಫ್-53 ಚಾಸಿ ಇರುವವರು ಮೊದಲು ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು. ಹಲವು ಗಾಡಿಗಳಲ್ಲಿ ಬಾರ್‌ನ ತುದಿಗೆ ಎರಡು ತೂತುಗಳಿದ್ದು, ಬಾರನ್ನು ಗಾಡಿಗೆ ಜೋಡಿಸುವ ಕಿರು ಸರಳು (ಲಿಂಕ್) ಹೊರಗಿನ ತೂತಿನಲ್ಲಿರುತ್ತದೆ. ಅದನ್ನು ಒಳಗಿನ ತೂತಿಗೆ ಬದಲಿಸಿದರೆ ತೋಳು ಗಿಡ್ಡವಾಗಿ ಬಾರ್ ಬಿಗಿಯಾಗುತ್ತದೆ, ಖರ್ಚೂ ಇಲ್ಲ. ಬದಲಿಸಿದ ಮೇಲೆ ಲಿಂಕ್ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆಯೇ, ಎಲ್ಲಾದರೂ ತಾಗುತ್ತದೆಯೇ ಎಂದು ನೋಡಬೇಕು.

ಬಾರ್ ಕೂರಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರದಲ್ಲಿ ಕೆಡುತ್ತದೆ. ಆಕ್ಸಲ್‌ಗೆ ಯು-ಬೋಲ್ಟ್ ಹಾಕುವಾಗ ಬ್ರೇಕ್ ಪೈಪ್, ಎಬಿಎಸ್ ವೈರ್ ಸಿಕ್ಕಿಕೊಳ್ಳಬಾರದು. ಬಾರನ್ನು ಹಿಡಿಯುವ ಮೆತ್ತನೆಯ ಬಳೆ, ಅಂದರೆ ಬುಶ್, ಪಾಲಿಯುರೆಥೇನ್ ಆದರೆ ಒಳಮೈಗೆ ಸಿಲಿಕೋನ್ ಗ್ರೀಸ್ ಧಾರಾಳವಾಗಿ ಹಚ್ಚಿ, ಇಲ್ಲವಾದರೆ ಸ್ವಲ್ಪ ದಿನಕ್ಕೇ ಕಿರುಗುಟ್ಟುತ್ತದೆ. ಮೊದಲು ಎಲ್ಲ ನಟ್‌ಗಳನ್ನೂ ಕೈಬಿಗಿ ಮಾತ್ರ ಮಾಡಿ. ಕೊನೆಯ ಬಿಗಿತ ಚಕ್ರಗಳು ನೆಲದ ಮೇಲಿದ್ದು ಗಾಡಿಯ ಭಾರ ಕೂತ ನಂತರವೇ. ಜಾಕ್ ಮೇಲೆ ನೇತಾಡುವ ಸ್ಥಿತಿಯಲ್ಲಿ ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಲಿಂಕ್‌ನ ರಬ್ಬರ್ ಉಬ್ಬಿ ವಾಷರ್‌ನ ಅಂಚಿಗೆ ಸಮವಾದರೆ ಸಾಕು. ಅದಕ್ಕಿಂತ ಹೆಚ್ಚು ಬಿಗಿದರೆ ಸೀಳುತ್ತದೆ, ಕಡಿಮೆಯಾದರೆ ಗುಂಡಿಗೊಮ್ಮೆ ಟಕ್ ಎನ್ನುತ್ತದೆ. ಮೊದಲ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಮತ್ತೊಮ್ಮೆ ನೋಡಲೇಬೇಕು. ಬಾರ್‌ಗೆ ಮಿತಿಗಳೂ ಇವೆ. ಒಂದೇ ಚಕ್ರ ಗುಂಡಿಗೆ ಬಿದ್ದಾಗ ಇನ್ನೊಂದು ಪಕ್ಕವೂ ಅಲುಗುತ್ತದೆ. ಮುಂದೆ ತೆಳ್ಳನೆಯ ಬಾರ್ ಬಿಟ್ಟು ಹಿಂದೆ ಮಾತ್ರ ಅತಿ ದಪ್ಪದ್ದು ಹಾಕಿದರೆ ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಭಾಗ ಜಾರುವ ಸಾಧ್ಯತೆ ಹೆಚ್ಚುತ್ತದೆ.

ಏರ್ ಬೆಲ್ಲೋಸ್, ಅಂದರೆ ಸ್ಪ್ರಿಂಗ್ ಜೊತೆಗೆ ಕೂರಿಸುವ ಗಾಳಿ ತುಂಬಿದ ರಬ್ಬರ್ ಚೀಲ, ಒಳ್ಳೆಯ ವಸ್ತುವೇ. ಆದರೆ ತಪ್ಪು ಕಾರಣಕ್ಕೆ ಕೊಳ್ಳುವವರು ಬಹಳ. ಭಾರಕ್ಕೆ ಹಿಂಭಾಗ ಕುಸಿದಿದ್ದರೆ ಅದನ್ನು ಎತ್ತಿ ಮಟ್ಟಕ್ಕೆ ತರುವುದು ಇದರ ಕೆಲಸ. ವಾಲುವುದನ್ನು ತಡೆಯುವುದು ಅಷ್ಟಿಷ್ಟೇ. ಫೈರ್‌ಸ್ಟೋನ್ ರೈಡ್-ರೈಟ್‌ನಂಥ ಕಿಟ್‌ನಲ್ಲಿ ಒತ್ತಡ 5ರಿಂದ 100 ಪಿಎಸ್‌ಐ ಒಳಗೆ ಇರಬೇಕು. ಪೂರ್ತಿ ಗಾಳಿ ಬಿಟ್ಟು ಓಡಿಸಿದರೆ ರಬ್ಬರ್ ಮಡಿಚಿ ಉಜ್ಜಿಕೊಳ್ಳುತ್ತದೆ. ಎಡ ಬಲಕ್ಕೆ ಬೇರೆ ಬೇರೆ ಪೈಪ್, ಬೇರೆ ವಾಲ್ವ್ ಕಡ್ಡಾಯ. ಟಿ ಆಕಾರದ ಜಾಯಿಂಟ್ ಹಾಕಿ ಎರಡನ್ನೂ ಕೂಡಿಸಿದರೆ ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಇನ್ನೊಂದು ಕಡೆಗೆ ನುಗ್ಗಿ ವಾಲಿಕೆ ಇನ್ನಷ್ಟು ಕೆಡುತ್ತದೆ. ಪೈಪನ್ನು ಚೂಪಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಕತ್ತರಿ ಬಳಸಿದರೆ ತುದಿ ಚಪ್ಪಟೆಯಾಗಿ ಜಾಯಿಂಟ್‌ನಲ್ಲಿ ಸೋರುತ್ತದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ತೋರಿಸಿಕೊಡುತ್ತದೆ. ಸೈಲೆನ್ಸರ್ ಪೈಪ್ ಹತ್ತಿರವಿದ್ದರೆ ಹೀಟ್ ಶೀಲ್ಡ್ ಬಿಡಬೇಡಿ.

ಬೆಲ್ಲೋಸ್ ಹಾಕಿಸಿದ ಮೇಲೆ ಅಲೆದಾಟ ಹೆಚ್ಚಾಯಿತು ಎಂಬ ದೂರಿಗೆ ಕಾರಣವಿದೆ. 4 ಮೀಟರ್ ಅಂತರದ ಗಾಡಿಯ ಹಿಂಭಾಗವನ್ನು 70 ಮಿ.ಮೀ. ಎತ್ತಿದರೆ ಮುಂದಿನ ಚಕ್ರದ ಕ್ಯಾಸ್ಟರ್ ಕೋನ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ಓರೆಯಾಗಿರುವ ಕೋನ) ಸುಮಾರು 1 ಡಿಗ್ರಿ ಕಡಿಮೆಯಾಗುತ್ತದೆ. ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದು ಬಹುಮಟ್ಟಿಗೆ ಆ ಕೋನದಿಂದ. ಆದ್ದರಿಂದ ಖಾಲಿ ಗಾಡಿಯ ಎತ್ತರವನ್ನು ಫೆಂಡರ್‌ನ ಅಂಚಿನಿಂದ ನೆಲಕ್ಕೆ ಅಳೆದಿಟ್ಟುಕೊಂಡು, ಭಾರ ತುಂಬಿದಾಗ ಅದಕ್ಕಿಂತ ಮೇಲೆ ಹೋಗದಷ್ಟೇ ಗಾಳಿ ಇಡಿ. ಹಿಂದಿನ ಬ್ರೇಕ್‌ಗೆ ಭಾರ ಅಳೆಯುವ ವಾಲ್ವ್ ಇರುವ ಹಳೆಯ ಗಾಡಿಗಳಲ್ಲಿ ಇನ್ನೂ ಎಚ್ಚರ ಬೇಕು: ಹಿಂಭಾಗ ಎತ್ತರವಾದರೆ ಗಾಡಿ ಖಾಲಿಯಿದೆ ಎಂದುಕೊಂಡು ಆ ವಾಲ್ವ್ ಬ್ರೇಕ್ ಒತ್ತಡ ತಗ್ಗಿಸುತ್ತದೆ, ಅದನ್ನು ಹೊಸದಾಗಿ ಹೊಂದಿಸಬೇಕು. ಗಾಳಿಯ ಗೊಡವೆ ಬೇಡ ಎನ್ನುವವರಿಗೆ ಸೂಮೋಸ್ಪ್ರಿಂಗ್ಸ್‌ನಂಥ ಯುರೆಥೇನ್ ದಿಂಡುಗಳಿವೆ. ಸೋರುವುದಿಲ್ಲ, ಆದರೆ ಎತ್ತರ ಹೊಂದಿಸಲೂ ಬರುವುದಿಲ್ಲ. ಯಾವುದನ್ನು ಹಾಕಿದರೂ ಅಷ್ಟರಿಂದಲೇ ಆಕ್ಸಲ್‌ನ ಅನುಮತಿ ತೂಕ ಒಂದು ಕೆಜಿಯೂ ಏರುವುದಿಲ್ಲ.

ಲಾರಿ ದಾಟುವಾಗ ಹಿಂಭಾಗ ಬೀಸುವ ತೊಂದರೆಗೆ ಟ್ರ್ಯಾಕ್ ಬಾರ್. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಶ್ಯಾಕಲ್ (ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಮತ್ತು ಬುಶ್‌ಗಳ ಸಡಿಲದಿಂದ ಆಕ್ಸಲ್ ಮೇಲೆ ಚಾಸಿಯೇ ಅಡ್ಡಡ್ಡ ಸರಿಯುತ್ತದೆ. ಚಾಸಿಯಿಂದ ಆಕ್ಸಲ್‌ಗೆ ಅಡ್ಡವಾಗಿ ಕಟ್ಟಿದ ಈ ಸರಳು ಅದನ್ನು ನಿಲ್ಲಿಸುತ್ತದೆ. ಸರಳು ಉದ್ದವಾಗಿರಬೇಕು, ಗಾಡಿ ನಿಂತಾಗ ನೆಲಕ್ಕೆ ಸಮನಾಗಿರಬೇಕು. ಗಿಡ್ಡ, ಓರೆ ಸರಳು ಪ್ರತಿ ಉಬ್ಬಿನಲ್ಲೂ ಆಕ್ಸಲನ್ನು ಪಕ್ಕಕ್ಕೆ ಎಳೆಯುತ್ತದೆ. ಬಾರ್ ಕೊಳ್ಳುವ ಮುನ್ನ ಹಳೆಯ ಬುಶ್‌ಗಳನ್ನು ಸರಳು ಹಾಕಿ ಮೀಟಿ ನೋಡಿ. ಸವೆದ ಬುಶ್ ಬದಲಿಸಿದರೇ ಅರ್ಧ ಕೆಲಸ ಆಗಿರುತ್ತದೆ.

ಮೂತಿ ಕುಣಿಯುವುದಕ್ಕೆ ಶಾಕ್ ಅಬ್ಸಾರ್ಬರ್. ಎಣ್ಣೆ ಇಳಿದಿದ್ದರೆ ಯೋಚಿಸದೆ ಬದಲಿಸಿ. ಕೋನಿ ಎಫ್‌ಎಸ್‌ಡಿ ಸಣ್ಣ ಕಂಪನಕ್ಕೆ ಮೆತ್ತಗೆ, ನಿಧಾನದ ದೊಡ್ಡ ತೂಗಾಟಕ್ಕೆ ಬಿಗಿಯಾಗಿ ವರ್ತಿಸುವ ವಾಲ್ವ್ ಹೊಂದಿದೆ. ಭಾರದ ಗಾಡಿಗೆ ಇದು ಹೇಳಿ ಮಾಡಿಸಿದ ಗುಣ. ಆದರೆ ಉದ್ದನೆಯ ತಿರುವಿನಲ್ಲಿ ಗಾಡಿ ವಾಲಿ ನಿಲ್ಲುವ ಕೋನವನ್ನು ಯಾವ ಶಾಕ್ ಕೂಡ ಕಡಿಮೆ ಮಾಡದು.

ವೀಲ್ ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲೆ, ಪ್ರಯಾಣದ ಭಾರ ತುಂಬಿದ ಗಾಡಿಗೆ. ಗಾಡಿಯ ಕಂಪನಿ ಹೇಳಿದ ಮಿತಿಯೊಳಗೆ ಕ್ಯಾಸ್ಟರ್ ಕೋನ ಮೇಲಿನ ತುದಿಗೆ ಹತ್ತಿರವಿರಲಿ ಎಂದು ಕೇಳಿ, ಮುಗಿದ ಮೇಲೆ ಅಳತೆಯ ಚೀಟಿ ತೆಗೆದುಕೊಳ್ಳಿ.

ಸೇಫ್-ಟಿ-ಪ್ಲಸ್‌ನಂಥ ಸ್ಪ್ರಿಂಗ್ ಇರುವ ಸ್ಟೇರಿಂಗ್ ಸ್ಟೆಬಿಲೈಸರ್ ಕೊನೆಗೆ ಬರಬೇಕಾದದ್ದು. ಮುಂದಿನ ಟೈರ್ ಒಡೆದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳದಂತೆ ಹಿಡಿಯುವುದಕ್ಕೆ ಇದು ಬೆಲೆಬಾಳುತ್ತದೆ. ಸವೆದ ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳಿನ ತುದಿಯ ಕೀಲು) ಇರುವ ಗಾಡಿಗೆ ಹಾಕಿದರೆ ಸವಕಲನ್ನು ಮುಚ್ಚಿಡುತ್ತದೆ, ಅದು ಅಪಾಯ. ಕೂರಿಸಿದ ಮೇಲೆ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಚಕ್ರ ನಿಲ್ಲಬೇಕಾದದ್ದು ಆಕ್ಸಲ್‌ನ ಸ್ಟಾಪ್‌ಗೆ ತಾಗಿ. ಅದಕ್ಕಿಂತ ಮೊದಲೇ ಸ್ಟೆಬಿಲೈಸರ್ ಕೊನೆ ಮುಟ್ಟಿದರೆ ಬ್ರ್ಯಾಕೆಟ್ ಜಾಗ ಬದಲಿಸಿ.