ಜಾನಪದ ಬ್ಯಾಂಜೋ ಕೇಳಿ ಬರೆದುಕೊಳ್ಳಲು ಅಡಾಸಿಟಿ ಸಾಕಾ?

ಧಾರಾಳವಾಗಿ ಸಾಕು. ಅಡಾಸಿಟಿ ಅಂದರೆ ಧ್ವನಿ ಸಂಪಾದಿಸುವ ಕಂಪ್ಯೂಟರ್ ಸಾಫ್ಟ್‌ವೇರ್, ಅದೂ ಉಚಿತ. ಹಳೆಯ ಜಾನಪದ ಕಲಾವಿದರ ಐದು ತಂತಿಯ ಬ್ಯಾಂಜೋ ಪೂರ್ತಿ ವೇಗದಲ್ಲಿ ಕೇಳಿದರೆ ಏನೂ ತಿಳಿಯುವುದಿಲ್ಲ, ಅಲ್ವಾ? ಶ್ರುತಿ ಬದಲಾಗದೆ ನಿಧಾನ ಮಾಡಲು ಅದರಲ್ಲಿರುವ ‘ಚೇಂಜ್ ಟೆಂಪೋ’ ಬಳಸಿ. ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ ಬೇಡ, ಅದರಲ್ಲಿ ವೇಗ ಅರ್ಧ ಮಾಡಿದರೆ ಶ್ರುತಿಯೂ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಒಂದು ತುಣುಕು ಆರಿಸಿ ಲೂಪ್‌ನಲ್ಲಿ (ಮತ್ತೆ ಮತ್ತೆ ಕೇಳುವಂತೆ) ಹಾಕಿದರೆ, ಉಗುರಿನಿಂದ ಮೀಟಿದ ಸ್ವರಕ್ಕಿರುವ ‘ಟಕ್’ ಸದ್ದು ಎಡಗೈ ಬೆರಳನ್ನು ತಂತಿಯ ಮೇಲೆ ಬಡಿದು ಎಬ್ಬಿಸಿದ ಸ್ವರಕ್ಕೆ ಇಲ್ಲ ಅನ್ನುವುದು ನಿಧಾನಕ್ಕೆ ಗೊತ್ತಾಗುತ್ತದೆ. ತೀರಾ ನಿಧಾನ ಮಾಡಿದರೆ ಮಾತ್ರ ಮೀಟು ಕಲಸಿಹೋಗುತ್ತದೆ, ಯಾವ ಸಾಫ್ಟ್‌ವೇರಾದರೂ ಅಷ್ಟೇ.

ಸ್ವರ ಯಾವ ತಂತಿಯದು ಅಂತ ಮಾತ್ರ ಅಡಾಸಿಟಿ ಹೇಳುವುದಿಲ್ಲ. ಬ್ಯಾಂಜೋದ ಸಾಮಾನ್ಯ ಶ್ರುತಿಯಾದ ಓಪನ್ ಜಿಯಲ್ಲಿ ಒಂದೇ ಡಿ ಸ್ವರ ಒಂದನೇ ತಂತಿಯಲ್ಲಿ ಸುಮ್ನೆ ಮೀಟಿದರೂ ಬರುತ್ತದೆ, ಎರಡನೇ ತಂತಿಯ 3ನೇ ಫ್ರೆಟ್‌ನಲ್ಲೂ (ಮೆಟ್ಟಿಲಿನಲ್ಲೂ), ಮೂರನೇ ತಂತಿಯ 7ನೇ ಫ್ರೆಟ್‌ನಲ್ಲೂ ಬರುತ್ತದೆ! ಹಿಂದಿನ ಮುಂದಿನ ಸ್ವರ ನೋಡಿ, ಕೈ ಎಲ್ಲಿರಬಹುದು ಅಂತ ನೀವೇ ಊಹಿಸಬೇಕು. ನನ್ನ ಪ್ರಕಾರ ಮಜಾ ಇರುವುದೇ ಅಲ್ಲಿ. ಮೊದಲು ಗಿಡ್ಡ ಐದನೇ ತಂತಿಯ ಸ್ವರ ಹಿಡಿಯಿರಿ. ಅದು ಎ ಆಗಿದ್ದರೆ ಎರಡನೇ ಫ್ರೆಟ್‌ನಲ್ಲಿ ಕ್ಯಾಪೋ (ತಂತಿಗಳನ್ನು ಒತ್ತಿ ಶ್ರುತಿ ಏರಿಸುವ ಕ್ಲಿಪ್) ಇರುವ ಸಾಧ್ಯತೆ ಜಾಸ್ತಿ.

ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ತೋರಿಸುವ ಬರಹ) ಬರೆಯುವ ಸೌಲಭ್ಯ ಅಡಾಸಿಟಿಯಲ್ಲಿಲ್ಲ. ಅದಕ್ಕೆ ಮ್ಯೂಸ್‌ಸ್ಕೋರ್ ಅನ್ನುವ ಸಂಗೀತ ಬರೆಯುವ ಸಾಫ್ಟ್‌ವೇರ್ ಇದೆ, ಅದಕ್ಕೂ ದುಡ್ಡು ಬೇಡ.